ಸುಲಿದ ಉಳ್ಳಾಗಡ್ಡಿಯ ಬಣ್ಣ ಹುಡುಕಿದ ಹೊನ್ನೂರಮ್ಮ

ಕೂಡ್ಲಿಗಿಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಇನ್ನೂ ಬೆಳಕು ಹರಿಯುತ್ತಿದೆ. ಗುರುಸಂಗಪ್ಪನವರ ಪೇಂಟ್ ಅಂಗಡಿಯ ಶಟರನ್ನು ಎಡಗೈಯಲ್ಲೇ ಎತ್ತಿ, ಹೊನ್ನೂರಮ್ಮ ಒಳಗೆ ಹೋಗಿ ಕಂಪ್ಯೂಟರಿನ ಗುಂಡಿ ಒತ್ತುತ್ತಾರೆ. ಮೊದಲು ಅದು ಏಳಬೇಕು. ಎದ್ದ ಮೇಲೆ ಅದರೊಳಗಿನ ಫೋನು ಏಳಬೇಕು. ಆ ಫೋನಿನೊಳಗೆ ಬಣ್ಣದ ಆ್ಯಪ್ ತೆರೆದುಕೊಳ್ಳಬೇಕು. ಅಷ್ಟರಲ್ಲಿ ಅಂಗಡಿ ಗುಡಿಸಿ, ಬಾಗಿಲಿಗೆ ನೀರು ಹಾಕುವುದೂ ಮುಗಿಯುತ್ತದೆ.

ಕೆಲಸಕ್ಕೆ ಹೋಗುವ ದಾರಿಯಲ್ಲಿ ಬ್ರಷ್ ಒಯ್ಯಲು ಬಂದ ಪೇಂಟರ್ ಓಬಳೇಶ ಇಣುಕಿ ನೋಡುತ್ತಾನೆ. "ಅಕ್ಕಾ, ನಿನ್ನ ಫೋನು ತಿಂದು ತಿಂದು ಟಿವಿ ಆಗೇತಲ್ಲ."

"ಸುಮ್ನಿರಲೇ. ಇವತ್ತು ನೀಲಗಂಗಮ್ಮಾರು ಬರ್ತಾರ. ನನ್ನ ಜೀವ ಕೈಯಾಗ ಐತಿ."

ಕಾನಹೊಸಹಳ್ಳಿಯ ನೀಲಗಂಗಮ್ಮನವರ ಮನೆಯ ಮುಂಗೋಡೆಗೆ ಒಮ್ಮೆ ತಪ್ಪು ಬಣ್ಣ ಬಿದ್ದಿದೆ. ಇನ್ನೊಮ್ಮೆ ತಪ್ಪಿದರೆ ಬಣ್ಣ ತೋರಿಸುವ ಈ ಕೆಲಸವೇ ನಿಲ್ಲುತ್ತದೆ, ಹೊನ್ನೂರಮ್ಮ ಮತ್ತೆ ಸುಣ್ಣದ ಬಕೆಟ್ ಹೊರಬೇಕಾಗುತ್ತದೆ. ಬಲಭುಜ ಅದಕ್ಕೆ ಬರುವುದಿಲ್ಲ.

ಮದುವೆಯಾಗಿ ಬಂದಾಗಿನಿಂದ ಅವರು ಮಾಡಿದ್ದು ಅದೇ ಕೆಲಸ: ಸುಣ್ಣ ಕಲೆಸುವುದು, ಏಣಿ ಹಿಡಿಯುವುದು, ಬಕೆಟ್ ಎತ್ತಿ ಕೊಡುವುದು. ಭುಜ ಹಿಡಿದುಕೊಂಡ ಮೇಲೆ ಗುರುಸಂಗಪ್ಪ ಅಂಗಡಿಗೆ ಕರೆದು, ಒಂದು ಮೊಬೈಲ್ ಕೊಟ್ಟರು. ಗಿರಾಕಿಯ ಗೋಡೆಯ ಫೋಟೋ ಹಾಕಿದರೆ ಅದಕ್ಕೆ ಬೇಕಾದ ಬಣ್ಣ ಬಳಿದು ತೋರಿಸುವ ಆ್ಯಪ್ ಅದರಲ್ಲಿತ್ತು. ಒಪ್ಪಿದ ಬಣ್ಣಕ್ಕೊಂದು ನಂಬರು. ಆ ನಂಬರಿಗೆ ಅಂಗಡಿಯ ಯಂತ್ರ ಪೇಂಟ್ ಕಲೆಸಿ ಕೊಡುತ್ತದೆ.

ನೀಲಗಂಗಮ್ಮ ಕೇಳಿದ್ದು ಉಳ್ಳಾಗಡ್ಡಿ ಬಣ್ಣ. ಹೊನ್ನೂರಮ್ಮ ಈರುಳ್ಳಿಯ ಕೆಂಪು ಸಿಪ್ಪೆಯ ಬಣ್ಣ ಹುಡುಕಿ ತೋರಿಸಿದರು. ಮೊಬೈಲಿನಲ್ಲಿ ಮನೆ ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು, ಮೇಲೆ ಮಧ್ಯಾಹ್ನದ ಬಿಸಿಲು. ಹಿರಿಯಾಕೆ ಕಣ್ಣು ಕಿರಿದು ಮಾಡಿ "ಹ್ಞೂಂ, ಅದs" ಅಂದುಬಿಟ್ಟರು. ಗೋಡೆಗೆ ಹಚ್ಚಿದ ಮೇಲೆ ನೋಡಿದರೆ ಮನೆಯೇ ಕಪ್ಪಾಗಿ ಕೂತಿತ್ತು. ಅವರು ಹೇಳಿದ್ದು ಸುಲಿದ ಉಳ್ಳಾಗಡ್ಡಿ, ಒಳಪದರದ ತಿಳಿ ಗುಲಾಬಿ.

"ಅವ್ರೇನು ಬೈಲಿಲ್ರಿ. ಗೋಡಿ ಮುಂದ ನಿಂತು, 'ಹೊನ್ನೂರವ್ವ, ಇದು ಸಂತ್ಯಾಗ ಉಳಿದ ಉಳ್ಳಾಗಡ್ಡಿ ಆತಲ್ಲವಾ' ಅಂದ್ರು. ಬೈದಿದ್ರ ಚಲೋ ಇತ್ತು," ಎನ್ನುತ್ತಾರೆ ಹೊನ್ನೂರಮ್ಮ.

ಸಾವ್ಕಾರ್ರು ಗುರುಸಂಗಪ್ಪ ಮೊಬೈಲ್ ವಾಪಸ್ ಕೇಳಿದರು. ಆಗ ದಾರಿ ತೋರಿಸಿದವಳು ಅವರ ಮಗಳು ಚಂದನಾ. ಬಿಲ್ಲು ಬರೆಯುವ ಕಂಪ್ಯೂಟರಿಗೇ ಫೋನಿನಂತೆ ಕೆಲಸ ಮಾಡುವ ಒಂದು ಸಾಫ್ಟ್‌ವೇರ್ ಹಾಕಿ, ದೊಡ್ಡ ಪರದೆಯ ಮೇಲೆ ಮೊಬೈಲಿನ ಆ್ಯಪನ್ನೇ ಓಡಿಸಬಹುದು ಎಂದಳು. ಹೇಳಿದಷ್ಟು ಸುಲಭವಾಗಲಿಲ್ಲ. ಹಳೆಯ ಕಂಪ್ಯೂಟರು ನಡುವೆಯೇ ನಿಂತುಬಿಡುತ್ತಿತ್ತು, ಮೆಮೊರಿ ಹೆಚ್ಚಿಸಬೇಕಾಯಿತು. ಆ್ಯಪ್ ತೆರೆದ ಕೂಡಲೇ ಕಂಪ್ಯೂಟರಿನಲ್ಲಿಲ್ಲದ ಕ್ಯಾಮೆರಾ ಕೇಳಿ ಮುನಿಸಿಕೊಂಡಿತು. ಫೋಟೋವನ್ನು ಮೊಬೈಲಿನಿಂದ ಕಳಿಸಿ ಒಳಗೆ ತರುವುದನ್ನು ಕಲಿತರು. ಚಿತ್ರ ದೊಡ್ಡದು ಮಾಡಲು ಹೊನ್ನೂರಮ್ಮ ಎರಡು ಬೆರಳನ್ನು ಪರದೆಯ ಮೇಲೆ ಎಳೆಯುತ್ತಿದ್ದರು.

"ಏನೂ ಆಗವಲ್ದು. ಚಂದನಾ ನಕ್ಕು ನಕ್ಕು ಸಾಕಾದ್ಲು. ಆಮ್ಯಾಲ ಮೌಸಿನ ಗಾಲಿ ತಿರುಗ್ಸೋದು ತೋರ್ಸಿದ್ಲು."

ಮೊದಲ ಬಸ್ಸಿಗೆ ನೀಲಗಂಗಮ್ಮ ಬಂದೇಬಿಡುತ್ತಾರೆ. ಕೂರುವ ಮೊದಲೇ ಚೀಲದಿಂದ ಒಂದು ಉಳ್ಳಾಗಡ್ಡಿ ತೆಗೆದು, ಸುಲಿದು, ಒಂದು ಪದರ ಬಿಡಿಸಿ ಹೊನ್ನೂರಮ್ಮನ ಕೈಗಿಡುತ್ತಾರೆ. "ಈ ಸಲ ಮಾತು ಬ್ಯಾಡ. ಇದನ್ನ ನೋಡು."

ಹೊನ್ನೂರಮ್ಮ ಪದರವನ್ನು ಪರದೆಗೆ ಒತ್ತಿ ಹಿಡಿದು, ಪಕ್ಕದಲ್ಲಿ ಒಂದೊಂದೇ ಬಣ್ಣ ಸರಿಸುತ್ತಾರೆ. ಪರದೆಯ ತುಂಬ ಕಾನಹೊಸಹಳ್ಳಿಯ ಆ ಮನೆ, ಕಟ್ಟೆ, ಕಿಟಕಿ.

"ಇದೇನ್ರಿ?"

"ಅದು ಹುಡುಗ್ಯಾರ ಲಂಗದ ಬಣ್ಣ. ತಗಿ."

"ಇದು?"

"ತಡಿ. ದೊಡ್ಡದು ಮಾಡು. ಕಟ್ಟಿ ಹತ್ರ ತೋರ್ಸು." ನೀಲಗಂಗಮ್ಮ ಪರದೆಗೆ ಮೂಗು ತಾಗುವಷ್ಟು ಬಗ್ಗುತ್ತಾರೆ. "ಇದನ್ನವ್ವಾ ನಾನು ಹೇಳಿದ್ದು."

ಅಷ್ಟಕ್ಕೇ ನಂಬುವ ಸ್ಥಿತಿಯಲ್ಲಿ ಹೊನ್ನೂರಮ್ಮ ಇಲ್ಲ. ಒಂದು ಡಬ್ಬಿ ಮಾತ್ರ ಕಲೆಸಿ, ಓಬಳೇಶನನ್ನು ಕರೆಸಿ ಅವನ ಕೈಗೆ ಕೊಟ್ಟು, ನೀಲಗಂಗಮ್ಮನ ಜೊತೆ ಕಳಿಸುತ್ತಾರೆ: "ಬಾಗಿಲ ಪಕ್ಕ ಒಂದು ಕೈ ಎಳಿ. ಒಣಗಿದ ಮ್ಯಾಲ ಫೋನ್ ಮಾಡು. ಹಸಿ ಇದ್ದಾಗ ಮಾಡಬ್ಯಾಡ."

ಮುಂದಿನ ಗಿರಾಕಿ ಬಂದರೂ ಅವರ ಕಣ್ಣು ಮೊಬೈಲಿನ ಮೇಲೆಯೇ. ಮಧ್ಯಾಹ್ನ ಕರೆ ಬರುತ್ತದೆ. ಮಾತಾಡುವುದು ನೀಲಗಂಗಮ್ಮ. "ಬರೋಬರಿ ಐತಿ ಹೊನ್ನೂರವ್ವ. ಉಳಿದದ್ದೂ ಕಲೆಸಿ ಕಳ್ಸು. ಒಂದs ತಕರಾರು. ನಮ್ಮನಿಯವ್ರು ಮೊದಲಿನದs ಚಲೋ ಇತ್ತು ಅಂತಾರ."

ಹಿಂದಿನಿಂದ ಗಂಡ ಏಕಾಂತಪ್ಪನವರ ದನಿ: "ಧೂಳ ಕಾಣ್ತಿದ್ದಿಲ್ಲ."

ಹೊನ್ನೂರಮ್ಮ ಫೋನ್ ಕೆಳಗಿಡುತ್ತಾರೆ. ಗಲ್ಲಾಪೆಟ್ಟಿಗೆಯ ಹಿಂದಿನಿಂದ ಗುರುಸಂಗಪ್ಪ "ಒಪ್ಪಿದ್ರೇನು?" ಎನ್ನುತ್ತಾರೆ. ತಲೆಯಾಡಿಸಿದ್ದು ನೋಡಿ, ಕಂಪ್ಯೂಟರಿನ ಮೇಜಿನ ಮೇಲೆ ತಾವು ಇಟ್ಟಿದ್ದ ಬಿಲ್ಲು ಪುಸ್ತಕಗಳನ್ನು ತಾವೇ ಎತ್ತಿಕೊಂಡು ಹೋಗುತ್ತಾರೆ. ಆ ಮೇಜು ಇನ್ನು ಹೊನ್ನೂರಮ್ಮನದು.

ಮತ್ತೇನು ಬೇಕು ಎಂದು ಕೇಳಿದರೆ ಅವರು ಯೋಚಿಸಿ ಹೇಳುತ್ತಾರೆ: "ಇಲ್ಲಿ ಇನ್ನೊಂದು ಕುರ್ಚಿ ಹಾಕ್ಸಬೇಕ್ರಿ. ಗಂಡ ಹೆಂಡ್ತಿ ಇಬ್ರೂ ಬಂದು ಕೂಡ್ಲಿ. ಜಗಳ ಈ ಪರದೆ ಮ್ಯಾಲs ಮುಗೀಲಿ, ಗೋಡಿ ಮ್ಯಾಲ ಬ್ಯಾಡ."