ಜಗಲಿಯ ಮೇಲೆ ಕೋವಿ ಒರೆಸುವುದು

ವಸಂತಪುರದ ಚಿಕ್ಕಬೈರಪ್ಪನವರು ಯಾರಿಗೂ ಒಂದು ಬಿರುಸಾದ ಮಾತು ಆಡಿದವರಲ್ಲ. ಹಾಗೆಂದು ಅವರೇ ದಿನಕ್ಕೆ ಎರಡು ಸಲವಾದರೂ ಹೇಳಿಕೊಳ್ಳುತ್ತಿದ್ದರು. ಅಪ್ಪನ ಕಾಲದ ರಾಗಿ ಹೊಲದಲ್ಲಿ ಮೂರು ಅಂತಸ್ತಿನ ಮನೆ ಎದ್ದು ಹದಿನೆಂಟು ವರ್ಷವಾಗಿತ್ತು. ಕೆಳಗೆ ತಾವು, ಹೆಂಡತಿ ಅಂಜನಮ್ಮ, ಮೇಲಿನೆರಡು ಬಾಡಿಗೆಗೆ. ಹೊಲ ಹೋಯಿತು, ಕಾಡುಹಂದಿಗಳು ಹೋದವು, ಹಂದಿ ಓಡಿಸಲೆಂದು ಅಪ್ಪ ತಂದಿದ್ದ ಒಂಟಿ ನಳಿಗೆಯ ಕೋವಿ ಮಾತ್ರ ಉಳಿದುಕೊಂಡಿತು. ಲೈಸೆನ್ಸ್ ಪುಸ್ತಕದಲ್ಲಿ ಇವತ್ತಿಗೂ ‘ಬೆಳೆ ರಕ್ಷಣೆಗೆ’ ಎಂದೇ ಇದೆ. ಯಾವ ಬೆಳೆ ಎಂದು ಮಾತ್ರ ಕೇಳಬೇಡಿ. ಟೆರೇಸಿನ ಮೇಲೆ ಅಂಜನಮ್ಮನ ಕರಿಬೇವಿನ ಕುಂಡ ಒಂದಿತ್ತು, ಅಷ್ಟೇ.

ಆಯುಧಪೂಜೆಯ ದಿನ ಕೋವಿಗೆ ಕುಂಕುಮ, ಚೆಂಡುಹೂವು. ಎಲೆಕ್ಷನ್ ಬಂದರೆ ಠಾಣೆಗೆ ಒಪ್ಪಿಸುವುದು, ಮುಗಿದ ಮೇಲೆ ತರುವುದು. ಇದೆಲ್ಲ ಎಲ್ಲರೂ ಮಾಡುವುದೇ. ಚಿಕ್ಕಬೈರಪ್ಪನವರದು ಇನ್ನೊಂದು ಪದ್ಧತಿಯಿತ್ತು. ಮನಸ್ಸಿಗೆ ಏನಾದರೂ ಕಿರಿಕಿರಿಯಾದರೆ ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೋವಿ ಒರೆಸುತ್ತಿದ್ದರು. ಸ್ವಲ್ಪ ಮೆಷಿನ್ ಎಣ್ಣೆ, ಒಂದು ಹಳೇ ಬನಿಯನ್. ಒಳಗೆ ತೋಟಾ ಇರುತ್ತಿರಲಿಲ್ಲ, ಯಾರ ಕಡೆಗೂ ಗುರಿ ಹಿಡಿಯುತ್ತಿರಲಿಲ್ಲ. ಆದರೆ ಮೆಟ್ಟಿಲು ಜಗಲಿಯ ಪಕ್ಕದಲ್ಲೇ ಇದ್ದದ್ದರಿಂದ ಬಾಡಿಗೆಯವರೆಲ್ಲ ಅದನ್ನು ನೋಡಿಕೊಂಡೇ ಹತ್ತಿ ಇಳಿಯಬೇಕಿತ್ತು. ಎರಡನೇ ಮಹಡಿಯವನು ಬೈಕನ್ನು ಗೇಟಿಗೆ ಅಡ್ಡ ನಿಲ್ಲಿಸುತ್ತಿದ್ದ. ಒಂದು ಸಂಜೆ ಒರೆಸಿದ್ದಷ್ಟೇ, ಮಾರನೇ ದಿನದಿಂದ ಬೈಕು ರಸ್ತೆಯಾಚೆ.

“ನೋಡಿದ್ಯಾ? ಒಂದ್ ಮಾತು ಆಡ್ಲಿಲ್ಲ ನಾನು,” ಎಂದಿದ್ದರು ಹೆಂಡತಿಗೆ. ಅಂಜನಮ್ಮ ಅಡುಗೆಮನೆಯೊಳಗೆ ಹೋಗಿದ್ದರು.

ಹೋದ ವರ್ಷ ಮೊದಲ ಮಹಡಿಗೆ ವೆಂಕಟಾಚಲ, ಸತ್ಯಭಾಮಾ ದಂಪತಿ ಬಂದರು. ಜಯನಗರದ ಹಳಬರು, ಹಳೇ ಮನೆ ಕೆಡವಿ ಕಟ್ಟಿಸುತ್ತಿದ್ದರು, ಅದು ಮುಗಿಯುವ ತನಕ ಇಲ್ಲಿ. ವೆಂಕಟಾಚಲ ಬ್ಯಾಂಕಿನಿಂದ ರಿಟೈರಾದವರು. ಆಕೆ ಸಂಜೆ ಆರಕ್ಕೆ ಐದಾರು ಮಕ್ಕಳಿಗೆ ಸಂಗೀತ ಪಾಠ ಹೇಳುತ್ತಿದ್ದರು. ಅದೇ ಸರಿಗಮ, ಮತ್ತೆ ಮತ್ತೆ. ಚಿಕ್ಕಬೈರಪ್ಪನವರಿಗೆ ಅದು ಟಿವಿ ನ್ಯೂಸಿನ ಹೊತ್ತು. ಎರಡು ವಾರ ಹಲ್ಲು ಕಚ್ಚಿಕೊಂಡಿದ್ದರು. ಮೂರನೇ ವಾರ, ಮಕ್ಕಳನ್ನು ಗೇಟಿನ ತನಕ ಬಿಡಲು ಸತ್ಯಭಾಮಾ ಕೆಳಗಿಳಿದಾಗ, ಜಗಲಿಯ ಮೇಲೆ ಕೂತು ಒರೆಸುತ್ತಿದ್ದರು. ಮಾರನೇ ಸಂಜೆಯಿಂದ ಮೇಲೆ ಸದ್ದಿಲ್ಲ. “ಪಾಪ, ಗಂಟಲು ನೋವೇನೋ,” ಎಂದು ಟಿವಿಯ ಸೌಂಡು ಜಾಸ್ತಿ ಮಾಡಿದರು. ಗಂಟಲು ನೋವಂತೆ! ಗೊತ್ತಿತ್ತು ಆಸಾಮಿಗೆ, ಚೆನ್ನಾಗಿ ಗೊತ್ತಿತ್ತು.

ಹೀಗಿರುವಾಗ ಸರ್ಕಾರ ಹೊಸ ಮಸೂದೆ ತರುತ್ತದೆಂಬ ಸುದ್ದಿ ಬಂತು. ನಗರದೊಳಗೆ ಬೆಳೆ ರಕ್ಷಣೆಗೆಂದು ಕೊಟ್ಟ ಲೈಸೆನ್ಸುಗಳೆಲ್ಲ ರದ್ದು, ಕೋವಿ ಒಪ್ಪಿಸಬೇಕು. ಆಕ್ಷೇಪಣೆ ಇದ್ದವರು ತಿಂಗಳೊಳಗೆ ಬರೆದುಕೊಡಬಹುದು. ಸುತ್ತಲ ಕೋವಿಯವರೆಲ್ಲ ಉತ್ತರಹಳ್ಳಿಯ ಒಂದು ಕಲ್ಯಾಣ ಮಂಟಪದಲ್ಲಿ ಸೇರಿದರು. ಅಬ್ಬಬ್ಬಾ, ಏನು ಕೂಗಾಟ! ಅಪ್ಪನ ನೆನಪು ಎಂದವರೆಷ್ಟು, ಮೊದ್ಲು ರೌಡಿಗಳ ಹತ್ರ ಇರೋದನ್ನ ಕಿತ್ಕೊಳ್ಳಿ ಎಂದವರೆಷ್ಟು. ಸಭೆ ಕರೆದಿದ್ದ ಜಲ್ಲಿ ವ್ಯಾಪಾರಿ ಬೈಲಪ್ಪ, ಹಿರಿಯರೆಂದು ಮೈಕನ್ನು ಚಿಕ್ಕಬೈರಪ್ಪನವರ ಕೈಗೆ ಕೊಟ್ಟ.

“ಐವತ್ತೆಂಟು ವರ್ಷದಿಂದ ನಮ್ಮನೇಲಿ ಕೋವಿ ಐತೆ. ಒಂದ್ ನರಪಿಳ್ಳೆ ಹೆದ್ರಿಲ್ಲ,” ಎಂದರು ಚಿಕ್ಕಬೈರಪ್ಪ. “ನಾವು ಹೇಳಿದ್ರೆ ಸರ್ಕಾರ ನಂಬಲ್ಲ. ನಮ್ಮ ಬಾಡಿಗೆಯವ್ರೇ ಸೈನ್ ಹಾಕಿ ಕೊಟ್ರೆ?”

“ಸಖತ್ ಐಡಿಯಾ ಅಣ್ಣ!” ಎಂದ ಬೈಲಪ್ಪ. ಚಪ್ಪಾಳೆಯೋ ಚಪ್ಪಾಳೆ. ‘ಮಾಲೀಕರ ಕೋವಿಯಿಂದ ನಮಗೆ ಯಾವ ಭಯವೂ ಇಲ್ಲ’ ಎಂದು ಅಲ್ಲೇ ಒಕ್ಕಣೆ ಬರೆದದ್ದಾಯಿತು. ಮೊದಲ ಪತ್ರ ಚಿಕ್ಕಬೈರಪ್ಪನವರದು, ಭಾನುವಾರ ಎಲ್ಲರೆದುರು ಅವರೇ ಓದಬೇಕೆಂದೂ ತೀರ್ಮಾನವಾಯಿತು.

ಮಾರನೇ ಬೆಳಿಗ್ಗೆ ಗರಿಗರಿ ಪಂಚೆ ಉಟ್ಟು ಮೇಲೆ ಹತ್ತಿದರು. ಬಾಗಿಲು ತೆಗೆದ ವೆಂಕಟಾಚಲ ಎರಡು ಹೆಜ್ಜೆ ಹಿಂದಕ್ಕೆ ಸರಿದರು.

“ಬನ್ನಿ ಸಾರ್. ಏನಾದ್ರೂ ತಪ್ಪಾಯ್ತಾ ಸಾರ್? ಬೆಳಿಗ್ಗೆ ಮಿಕ್ಸಿ ಹಾಕಿದ್ವಿ, ಅರ್ಧ ನಿಮಿಷ ಅಷ್ಟೇ.”

“ಅಯ್ಯೋ, ಅದೆಲ್ಲ ಏನಿಲ್ಲ. ಒಂದ್ ಸೈನ್ ಬೇಕಿತ್ತು. ಓದಿ ನೋಡಿ.”

ವೆಂಕಟಾಚಲ ಓದಲಿಲ್ಲ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಓದದೆ ಒಂದು ಚೀಟಿಗೂ ರುಜು ಹಾಕಿರದ ಮನುಷ್ಯ ಕಾಗದವನ್ನು ಗೋಡೆಗೆ ಒತ್ತಿ ಹಿಡಿದು ಗೀಚಿಬಿಟ್ಟರು. ಪೆನ್ನಿನ ಮೊನೆ ಕಾಗದವನ್ನು ತೂತು ಮಾಡಿತು. ಸತ್ಯಭಾಮಾ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು, ಎಲ್ಲಿ ಎಂದಷ್ಟೇ ಕೇಳಿ ಸಹಿ ಹಾಕಿದರು. “ಇನ್ನೊಂದು ಕಾಪಿ ಬೇಕಾ ಸಾರ್?” ಎಂದೂ ಕೇಳಿದರು. ಮೂಲೆಯಲ್ಲಿ ಅವರ ಶ್ರುತಿ ಪೆಟ್ಟಿಗೆಗೆ ಬೆಡ್‌ಶೀಟು ಹೊದಿಸಿತ್ತು.

ಮೆಟ್ಟಿಲಿಳಿಯುತ್ತ ಚಿಕ್ಕಬೈರಪ್ಪ ಕಾಗದ ನೋಡಿದರು. ‘ಯಾವ ಭಯವೂ ಇಲ್ಲ’. ಅದರ ಕೆಳಗೇ ಆ ಸೊಟ್ಟ ರುಜು, ಆ ತೂತು. ಮುಖಕ್ಕೆ ಬಿಸಿ ಹತ್ತಿತು. ಥೂ, ಇದನ್ನು ಹಿಡಿದುಕೊಂಡು ಮೈಕಿನ ಮುಂದೆ ಯಾವ ಮುಖದಲ್ಲಿ ನಿಲ್ಲುವುದು?

“ಓದ್ದೇನೇ ಹಾಕ್ಬಿಟ್ರು ಕಣೇ,” ಎಂದರು ಒಳಗೆ ಬಂದು.

“ಹಾಕ್ದೆ ಇನ್ನೇನ್ ಮಾಡ್ತಾರೆ?” ಅಂಜನಮ್ಮ ಅವರೆಕಾಯಿ ಸುಲಿಯುತ್ತಿದ್ದವರು ತಲೆಯೆತ್ತಲಿಲ್ಲ. “ನೀವು ಒರೆಸ್ತಾ ಕೂತಾಗ ನಾನೂ ಅಡುಗೆಮನೆ ಬಿಟ್ಟು ಈಚೆ ಬರಲ್ಲ. ಇಷ್ಟು ವರ್ಷದಲ್ಲಿ ಒಂದಿನಾನೂ ಗೊತ್ತಾಗ್ಲಿಲ್ವಾ ನಿಮ್ಗೆ?”

ಚಿಕ್ಕಬೈರಪ್ಪನವರಿಗೆ ಭೂಮಿಗಿಳಿದು ಹೋಗುವಷ್ಟು ನಾಚಿಕೆಯಾಯಿತು. ಅವತ್ತು ಊಟಕ್ಕೆ ಕೂತರೂ ಹೆಂಡತಿಯ ಮುಖ ನೋಡಲಾಗಲಿಲ್ಲ.

ಭಾನುವಾರ ಸಭೆಗೆ ಹೋಗಲಿಲ್ಲ. ಬೈಲಪ್ಪ ಫೋನು ಮಾಡಿದರೆ ಜ್ವರ ಎಂದರು. ಸೋಮವಾರ ಕೋವಿಯನ್ನು ಚೀಲದಲ್ಲಿ ಸುತ್ತಿ ಲೈಸೆನ್ಸ್ ಪುಸ್ತಕದ ಸಮೇತ ಠಾಣೆಗೆ ಕೊಂಡೊಯ್ದರು. “ಕಾನೂನು ಇನ್ನೂ ಬಂದಿಲ್ವಲ್ಲ ಯಜಮಾನ್ರೇ, ಎಲೆಕ್ಷನ್ನೂ ಇಲ್ಲ?” ಎಂದ ಪೊಲೀಸಿನವನಿಗೆ, ತಮಗೆ ವಯಸ್ಸಾಯಿತು ಎಂದರು. ಅಲ್ಲೂ ನಿಜ ಬಾಯಿಗೆ ಬರಲಿಲ್ಲ.

ಸಂಜೆ ಮತ್ತೆ ಮಹಡಿ ಹತ್ತಿದರು. ತಪ್ಪಾಯ್ತು, ಕ್ಷಮಿಸಿ ಎಂಬೆರಡು ಮಾತನ್ನು ಮೆಟ್ಟಿಲಿನುದ್ದಕ್ಕೂ ಬಾಯಲ್ಲಿ ಹೇಳಿಕೊಂಡೇ ಹೋದದ್ದು. ಬಾಗಿಲಲ್ಲಿ ಸತ್ಯಭಾಮಾ ಕಂಡದ್ದೇ ಅವೆರಡೂ ಹೊರಗೆ ಬರಲಿಲ್ಲ. ಅರವತ್ತಾರು ವರ್ಷ ಯಾರಲ್ಲೂ ಕ್ಷಮೆ ಕೇಳಿ ಗೊತ್ತಿಲ್ಲದ ನಾಲಿಗೆ.

“ಕೋವಿ ಕೊಟ್ಬಿಟ್ಟೆ ಮೇಡಂ,” ಎಂದರು. “ಪಾಠ ಶುರು ಮಾಡಿ. ನೀವು ಹಾಡ್ಬೇಕು.”

ಆಕೆ ಬೆಚ್ಚಿದರು. “ಆಗ್ಲಿ ಸಾರ್. ಮಕ್ಕಳು ಬೇರೆ ಕಡೆ ಸೇರ್ಕೊಂಡ್ರು. ನಾನೊಬ್ಳೇ ಹಾಡ್ತೀನಿ ಸಾರ್, ಈಗ್ಲೇ ಹಾಡ್ತೀನಿ.”

“ಅಯ್ಯೋ, ಹಂಗಲ್ಲ ಮೇಡಂ...” ಎನ್ನುವಷ್ಟರಲ್ಲಿ ಬೆಡ್‌ಶೀಟು ತೆಗೆದಾಗಿತ್ತು. ವೆಂಕಟಾಚಲ ಪೇಪರು ಮಡಿಚಿಟ್ಟು ನೆಟ್ಟಗೆ ಕೂತರು. ಶ್ರುತಿ ಪೆಟ್ಟಿಗೆ ಗುಂಯ್ ಎಂದಿತು. ಸ, ರಿ, ಗ, ಮ. ಆಕೆಯ ಕಣ್ಣು ಇವರ ಮುಖ ಬಿಟ್ಟು ಕದಲಲಿಲ್ಲ. ನಿಲ್ಲಿಸಿ ಎಂದರೂ ಅಪ್ಪಣೆ, ಹಾಡಿ ಎಂದರೂ ಅಪ್ಪಣೆ. ಚಿಕ್ಕಬೈರಪ್ಪನವರು ಖಾಲಿ ಕೈ ಹೊಸೆಯುತ್ತ ಹೊಸಿಲಾಚೆ ತಲೆ ತಗ್ಗಿಸಿ ನಿಂತರು.

ಒಂದು ಸುತ್ತು ಮುಗಿಸಿ ಸತ್ಯಭಾಮಾ ಕೇಳಿದರು: “ಸಾಕಾ ಸಾರ್?”