ಅವ್ವನ ಜಾಗಕ್ಕೆ ಚೀಟಿ

ಅವ್ವ ತೀರಿಕೊಂಡ ಒಂಬತ್ತನೆಯ ದಿನ ಮಾನ್ವಿಯಿಂದ ಸ್ಕೂಟಿಯಲ್ಲಿ ರಾಯಚೂರಿಗೆ ಹೋದೆ. ಅಲ್ಲಿನ ಹಳೆಯ ಮಾರುಕಟ್ಟೆಯ ಬೇವಿನ ಮರದ ಕೆಳಗೆ ಅವಳು ಬದುಕಿನುದ್ದಕ್ಕೂ ಕಾಯಿಪಲ್ಯ ಮಾರಿದ್ದಳು. ತಮ್ಮಲ್ಲಿ ಯಾರಾದರೂ ಸತ್ತರೆ ಒಂಬತ್ತನೆಯ ದಿನ ಅವರು ಕೂರುತ್ತಿದ್ದ ಜಾಗದಲ್ಲಿ ಒಂದು ಕಟ್ಟು ಪುಂಡಿಪಲ್ಯದ ಸೊಪ್ಪು ಇಟ್ಟು ನೀರು ಚಿಮುಕಿಸುವುದು ಅಲ್ಲಿ ಮಾರುತ್ತಿದ್ದ ಹೆಂಗಸರ ಪದ್ಧತಿ. ಅವ್ವ ಎಷ್ಟೋ ಜನರಿಗೆ ಇಟ್ಟಿದ್ದಳು. ಅವಳಿಗೆ ಇಡಲು ನಾನೊಬ್ಬಳೇ ಉಳಿದಿದ್ದೆ.

ಮಾರುಕಟ್ಟೆ ಕೆಡವುವಾಗ ನಗರಸಭೆಯವರು ಎಲ್ಲರಿಗೂ ಜಾಗ ಕೊಡುತ್ತೇವೆ ಎಂದಿದ್ದರು. ಕಾಂಪ್ಲೆಕ್ಸ್ ಎದ್ದಿತು, ಅಂಗಳವೆಲ್ಲ ಹಣ ಕೊಟ್ಟು ಗಾಡಿ ನಿಲ್ಲಿಸುವವರ ಪಾಲಾಯಿತು. ಬೇವಿನ ಮರ ಮಾತ್ರ ಇದೆ. ಅದರ ಬುಡದಲ್ಲಿ ಕೂತು ಚೀಲದಿಂದ ಪಲ್ಯ ತೆಗೆಯುತ್ತಿದ್ದಂತೆ ಪಾರ್ಕಿಂಗ್ ಚೀಟಿ ಹರಿಯುವವನು ಸೀಟಿ ಊದುತ್ತ ಬಂದ.

"ಯಕ್ಕಾ, ಏಳ್ರಿ. ಇದು ಗಾಡಿ ನಿಲ್ಸೋ ಜಾಗ."

"ನಮ್ಮವ್ವ ಇಲ್ಲೇ ಕುಂದ್ರತಿದ್ಲಪ್ಪಾ. ಇದನ್ನ ಇಟ್ಟು ಹೋಗ್ತೀನಿ."

"ಯಾರವ್ವಗೂ ಇಲ್ಲಿ ಜಾಗ ಇಲ್ರೀ. ಗಾಡಿ ಇದ್ರ ತರ್ರಿ, ಇಲ್ಲಾಂದ್ರ ನಡೀರಿ."

ರಸ್ತೆಯಲ್ಲಿ ಬಿಟ್ಟಿದ್ದ ಸ್ಕೂಟಿಯನ್ನು ತಂದು ಮರದ ಕೆಳಗೇ ನಿಲ್ಲಿಸಿದೆ. ಹಣ ಕೊಟ್ಟು ಸಂಜೆಯವರೆಗಿನ ಚೀಟಿ ತೆಗೆದುಕೊಂಡೆ. ಆಮೇಲೆ ಮುಂದಿನ ಗಾಲಿಯ ಬದಿಗೆ ಕೂತು, ಪಲ್ಯದ ಕಟ್ಟು ಇಟ್ಟು ನೀರು ಚಿಮುಕಿಸಿದೆ.

"ಅದನ್ನ ತಗೀರಿ, ಇಲ್ಲಾಂದ್ರ ಒದ್ದು ಚೆಲ್ತೀನಿ ನೋಡ್ರಿ!" ಎಂದ.

ನಾನು ಚೀಟಿ ಎತ್ತಿ ತೋರಿಸಿದೆ. "ಸಂಜೀತನ ಈ ಜಾಗ ನಂದದ. ಮುಟ್ಟಿ ನೋಡಲೇ."

ಅವನು ಮುಟ್ಟಲಿಲ್ಲ. ನಾನೂ ಏಳಲಿಲ್ಲ. ಪಲ್ಯ ಬಾಡಿದಾಗಲೆಲ್ಲ, ಅವ್ವ ಮಾಡುತ್ತಿದ್ದ ಹಾಗೆ, ಮತ್ತೆ ನೀರು ಹಾಕುತ್ತ ಸಂಜೆಯವರೆಗೆ ಅಲ್ಲೇ ಕೂತಿದ್ದೆ.