ಮುದಿ ಓಪನರ್‌ಗೆ ಐದು ವರ್ಷದ ರೊಟ್ಟಿ

ಕಳೆದ ತಿಂಗಳು ನ್ಯೂಜೆರ್ಸಿಯಿಂದ ನನ್ನ ಹೆಂಡತಿಯ ತಮ್ಮ ಬಸು ಫೋನ್ ಮಾಡಿದ. ದನಿ ಕೇಳಿದರೆ ಯಾರೋ ಹೋಗಿಬಿಟ್ಟ ಹಾಗಿತ್ತು.

"ಮಾಮಾ, ಮೂವತ್ತೇಳು ವರ್ಷದಾಂವಗ ಏಳು ವರ್ಷದ ಕಾಂಟ್ರ್ಯಾಕ್ಟ್ ಕೊಟ್ಟಾರ್ರಿ!"

ಬಸು ಪ್ರಾಣ ಬಿಡುವ ಬೇಸ್‌ಬಾಲ್ ಟೀಮಿನ ಸುದ್ದಿ. (ಬೇಸ್‌ಬಾಲ್ ಎಂದರೇನು ಅಂತ ನನ್ನನ್ನು ಕೇಳಬೇಡಿ. ಚೆಂಡು ಹೊಡೆದು ಓಡುತ್ತಾರೆ, ಅಷ್ಟು ಗೊತ್ತು.) ಆ ಹೀರೋ ಒಂದು ಕಾಲಕ್ಕೆ ಚೆಂಡನ್ನು ಸ್ಟೇಡಿಯಮ್ಮಿನ ಆಚೆಗೆ ಕಳಿಸುತ್ತಿದ್ದನಂತೆ. ಈಗ ಎರಡೂ ಮೊಣಕಾಲಿಗೆ ಪಟ್ಟಿ. ಆದರೂ ಕೋಟಿ ಕೋಟಿ ಡಾಲರ್, ಅದೂ ನಲವತ್ತನಾಲ್ಕು ತುಂಬುವವರೆಗೆ!

"ನಿಮ್ಮ ಮಂದಿಗೆ ತಲಿ ಕೆಟ್ಟದೇನೋ? ಮುದಿ ಎತ್ತಿಗೆ ಯಾರರೆ ಹೋರಿ ರೇಟ್ ಕೊಡ್ತಾರೇನು?" ಎಂದು ಅರ್ಧ ಗಂಟೆ ಬುದ್ಧಿ ಹೇಳಿದೆ. ಹಿಂದೆ ಆಡಿದ್ದಕ್ಕೆ ಮುಂದಿನ ಸಂಬಳ ಕೊಡಬಾರದು, ವರ್ಷ ವರ್ಷ ನೋಡಿಯೇ ಇಟ್ಟುಕೊಳ್ಳಬೇಕು ಎಂದೆಲ್ಲ. ಫೋನ್ ಬಿಲ್ ಅವನದು. ಹಾಗಾಗಿ ವಿವರವಾಗಿಯೇ ಹೇಳಿದೆ.

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಮೂರೇ ದಿನಕ್ಕೆ ನಾನೂ ಒಂದು ಕಾಂಟ್ರ್ಯಾಕ್ಟಿಗೆ ಸಹಿ ಹಾಕಿದೆ.

ನಾವಿರುವ ವಿಲಾಯತಿಯ ಕ್ರೋಯ್ಡನ್ನಿನ ನಮ್ಮ ಕನ್ನಡಿಗರ ಭಾನುವಾರದ ಕ್ರಿಕೆಟ್ ಟೀಮಿಗೆ ನಾನು ಕ್ಯಾಪ್ಟನ್. (ಬೇರೆ ಯಾರೂ ಒಪ್ಪಲಿಲ್ಲ.) ನಮ್ಮ ಸ್ಟಾರ್ ಓಪನರ್ ಧಾರವಾಡದ ದೇಸಾಯಿ ಡಾಕ್ಟರು. ವಯಸ್ಸು ಐವತ್ತೊಂದು. ಆಸ್ಪತ್ರೆಯಲ್ಲಿ ಆಪರೇಷನ್‌ಗೆ ಮುಂಚೆ ಮತ್ತು ಬರಿಸುವ ಕೆಲಸ. ಹತ್ತು ವರ್ಷದ ಹಿಂದೆ ಈಸ್ಟ್ ಹ್ಯಾಮ್ ಟೀಮಿನ ಮೇಲೆ ತೊಂಬತ್ತೊಂದು ಹೊಡೆದಿದ್ದರು. ಈಗ ಅವರು ಕ್ರೀಸಿನಲ್ಲಿದ್ದರೆ ನಿದ್ದೆ ಬರುವುದು ನಮಗೆ. ಫೀಲ್ಡಿಂಗಿಗೆ ನಿಂತರೆ ಚೆಂಡು ಅವರ ಕಾಲ ನಡುವೆಯೇ ದಾರಿ ಮಾಡಿಕೊಂಡು ಹೋಗುತ್ತದೆ.

ಇಂಥವರಿಗೆ ಅದೇ ಈಸ್ಟ್ ಹ್ಯಾಮ್‌ನವರು ಗಾಳ ಹಾಕಿದರು. ಓಪನಿಂಗ್ ಕೊಡುತ್ತೇವೆ, ಊಟಕ್ಕೆ ಇಡ್ಲಿ ವಡೆ ಇದೆ, ಬನ್ನಿ ಅಂತ. ಡಾಕ್ಟರು ನಮ್ಮಲ್ಲಿ ಆಡದಿದ್ದರೂ ಪರವಾಗಿಲ್ಲ, ಅಲ್ಲಿ ಹೋಗಿ ಆಡಿಬಿಟ್ಟರೆ? ನಾನು ತಲೆ ಎತ್ತಿ ತಿರುಗುವುದು ಹೇಗೆ?

ಓಡಿದೆ ಫೆಲ್ಥಮ್‌ನ ಅವರ ಮನೆಗೆ. ಕೇಳಿದ್ದಕ್ಕೆಲ್ಲ ಹೂಂ ಅಂದೆ. ಓಪನಿಂಗ್ ಅವರದೇ. ಕಾರಿನಲ್ಲಿ ಕರೆದೊಯ್ದು ಬಿಡುವುದು ನನ್ನದು. ಬಗ್ಗುವಂಥ ಜಾಗದಲ್ಲಿ ಫೀಲ್ಡಿಂಗ್ ಇಲ್ಲ. ಇಡ್ಲಿ ವಡೆಗೆ ಸಡ್ಡು ಹೊಡೆಯಲೇಬೇಕಲ್ಲ, ಪ್ರತಿ ಮ್ಯಾಚಿಗೂ ಜೋಳದ ರೊಟ್ಟಿ, ಎಣ್ಣೆಗಾಯಿ ಎಂದು ನಾನೇ ಸೇರಿಸಿದೆ. ಅವರು ಕೇಳಿದ್ದು ಐದು ವರ್ಷ.

"ಒಂದು ವರ್ಷ ನೋಡೋಣಲ್ರಿ ಡಾಕ್ಟರ್?" ಎಂದೆ, ಬಸುವಿಗೆ ಹೇಳಿದ್ದು ನೆನಪಾಗಿ.

ಡಾಕ್ಟರು ನಗಲಿಲ್ಲ. "ವರ್ಷಾ ವರ್ಷಾ ಅಂದ್ರ, ವರ್ಷಾ ವರ್ಷಾ ನಾ ಅಂಜಿಕೋತ ಕೂಡಬೇಕ್ರಿ. ಏಪ್ರಿಲ್ ಬಂದು ಸೀಸನ್ ಸುರು ಆತಂದ್ರ ನಿಮ್ಮ ಫೋನ್ ಬರ್ತದೋ ಇಲ್ಲೋ ಅಂತ. ಐದು ವರ್ಷ ಬರದು ಕೊಡ್ರಿ. ಆರಾಮಾಗಿ ಮುದುಕ ಆಗ್ತೀನಿ."

ಏಳು ವರ್ಷ ಕೇಳಿದ ಆ ಬೇಸ್‌ಬಾಲ್ ಪುಣ್ಯಾತ್ಮನಿಗೂ ಇದೇ ಅಂಜಿಕೆ ಇತ್ತೋ ಏನೋ. ಡಾಲರ್ ಲೆಕ್ಕ ಹಾಕುವ ನಾವು ಅದನ್ನು ಕೇಳುತ್ತೇವೆಯೇ? ಐದು ವರ್ಷ ಎಂದು ಬರೆದೆ, ಸಹಿ ಹಾಕಿದೆ, ಗೆದ್ದವನ ಹಾಗೆ ಮನೆಗೆ ಬಂದೆ.

ನನ್ನ ಹೆಂಡತಿ ಸುಮಂಗಲಾ ಎಲ್ಲವನ್ನೂ ಕೇಳಿಸಿಕೊಂಡಳು. ಬಲಗೈ ಮಣಿಕಟ್ಟಿಗೆ ಜಿಪಿ ಕ್ಲಿನಿಕ್ಕಿನವರು ಕೊಟ್ಟ ಪಟ್ಟಿ ಇತ್ತು. (ಸಹಿ ಹಾಕುವಾಗ ಅದು ನನಗೆ ನೆನಪಾಗಬಾರದೇ?)

"ಐದು ವರ್ಷ ರೊಟ್ಟಿ ಬಡಿಯಾಕಿನ್ನ ಒಂದು ಮಾತು ಕೇಳಿದ್ರೇನ್ರಿ?"

"ಅಲ್ಲಾ, ನಿನ್ನ ಕೈ ರೊಟ್ಟಿ ಅಂದ್ರ ಡಾಕ್ಟರಿಗೆ..."

"ಟೀಮಿನಿಂದ ತಗದ್ರ ಹೆಂಗ ಅಂತ ಅವರಿಗೆ ಚಿಂತಿ. ಇಪ್ಪತ್ತೆರಡು ವರ್ಷ ಆತು, ನನ್ನ ಯಾವಾಗ ತಗೀತೀರಿ ಅಂತ ನನಗ ಚಿಂತಿ. ಸಹಿ ಯಾರದೈತಿ? ರೊಟ್ಟಿನೂ ಅವರ ಬಡೀಲಿ."

ಅಷ್ಟೇ. ಟಿವಿ ಹಾಕಿಕೊಂಡು ಕೂತಳು.

ಹೊಗಳಿ ನೋಡಿದೆ, ಬಗ್ಗಲಿಲ್ಲ. ಶನಿವಾರ ಸಂಜೆ ಪೂರ್ತಿ ಹಿಟ್ಟಿನ ಜೊತೆ ಸೆಣಸಿದೆ. ಕೆಲವು ಹರಿದವು, ಕೆಲವು ಸುಟ್ಟವು, ಸ್ಮೋಕ್ ಅಲಾರಂ ಎರಡು ಸಲ ಕೂಗಿತು. ಉಳಿದವು ಮಾತ್ರ ಗಟ್ಟಿಮುಟ್ಟಾಗಿದ್ದವು.

ಭಾನುವಾರ ದೇಸಾಯಿ ಡಾಕ್ಟರು ಓಪನಿಂಗ್‌ಗೆ ಇಳಿದು ನಾಲ್ಕು ರನ್ ಹೊಡೆದು ಬಂದರು. ಟೀಮಿನಲ್ಲಿ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಕಾಂಟ್ರ್ಯಾಕ್ಟ್ ಇದೆಯಲ್ಲ! ಊಟಕ್ಕೆ ಕೂತಾಗ ನಾನೇ ಅವರಿಗೆ ರೊಟ್ಟಿ ಬಡಿಸಿದೆ. ಮುರಿಯಲು ನೋಡಿದರು. ಎರಡೂ ಕೈ ಹಚ್ಚಿ ಮುರಿದರು. ಒಂದು ತುತ್ತನ್ನು ಬಹಳ ಹೊತ್ತು ಅಗಿದರು.

ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ ಕೇಳಿದರು: "ಕ್ಯಾಪ್ಟನ್ ಸಾಹೇಬ್ರ, ಐದು ವರ್ಷ ಅಂದ್ರ ಭಾಳ ಆಗಲಿಲ್ಲೇನ್ರಿ?"